ತಮ್ಮನ ಹಳೆಯ ಮುಖ

ನನ್ನ ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಆದರೂ ಹೋದ ವರ್ಷದವರೆಗೆ ನಮ್ಮಿಬ್ಬರನ್ನು ಜೊತೆಯಲ್ಲಿ ನೋಡಿದವರು "ಇವರು ನಿಮ್ಮ ಅಣ್ಣನಾ?" ಎಂದು ಕೇಳುತ್ತಿದ್ದರು. ನನಗೆ ಒಳಗೊಳಗೇ ಖುಷಿ, ಮೇಲೆ ಸಿಟ್ಟು. ಒಂದು ಸಲ ಥಿಯೇಟರಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಹೊಸ ಹುಡುಗಿ "ಮೇಡಂ, ನಿಮ್ಮ ತಂದೆಯವರಿಗೆ ಮೆಟ್ಟಿಲು ಹತ್ತೋಕಾಗುತ್ತಾ?" ಎಂದುಬಿಟ್ಟಳು. ಆಮೇಲೆ ತಮ್ಮ ಒಂದು ವಾರ ಕನ್ನಡಿ ನೋಡಲಿಲ್ಲ. ಹಾಗಂತ ಕುಡಿಯುವುದನ್ನು ಬಿಟ್ಟನೇ? ಕನ್ನಡಿ ನೋಡುವುದನ್ನು ಮಾತ್ರ ಬಿಟ್ಟ.

ನಾನು ನಾಟಕ ಕಂಪನಿಯಲ್ಲಿ ಮೇಕಪ್ ಮಾಡುವವಳು. ತಮ್ಮ ಅದೇ ಕಂಪನಿಯ ನಟ. ಮೊದಮೊದಲು ರಾಜಕುಮಾರನ ಪಾತ್ರಗಳೆಲ್ಲ ಅವನಿಗೇ ಸಿಗುತ್ತಿದ್ದವು, ಹಾಗಾಗಿ ಎಲ್ಲರೂ ಅವನನ್ನು 'ದೊರೆ' ಎಂದೇ ಕರೆಯುವುದು. ಆಗ ಅವನ ಮುಖಕ್ಕೆ ನಾನು ಮಾಡಬೇಕಾದ ಕೆಲಸವೇ ಇರಲಿಲ್ಲ. ಒಂದು ಸುತ್ತು ಪೌಡರ್, ಹುಬ್ಬಿಗೊಂದು ಗೆರೆ, ಎದ್ದು ಹೋಗು ಎನ್ನುತ್ತಿದ್ದೆ. ನಾಟಕ ಮುಗಿದ ಮೇಲೆ ಗೆಳೆಯರ ಜೊತೆ ಕುಡಿಯಲು ಹೋಗುತ್ತಿದ್ದ. ಬೆಳಿಗ್ಗೆ ಏನೂ ಆಗದವನ ಹಾಗೆ ಬಂದು ಕೂರುತ್ತಿದ್ದ. ಕಲ್ಲು ತಿಂದು ಕಲ್ಲು ಕರಗಿಸುವ ವಯಸ್ಸು, ಒಂದು ನಿದ್ದೆಗೆ ಎಲ್ಲ ಇಳಿದುಹೋಗುತ್ತಿತ್ತು.

ನಲವತ್ತರ ಹತ್ತಿರ ಬರುತ್ತಿದ್ದಂತೆ ಇಳಿಯುವುದು ನಿಂತಿತು. ಬೆಳಿಗ್ಗೆ ಕಣ್ಣಿನ ಕೆಳಗೆ ಊದಿಕೊಂಡ ಚೀಲಗಳು ಸಂಜೆಯಾದರೂ ಹಾಗೇ ಇರುತ್ತಿದ್ದವು. ಮೂಗಿನ ಎರಡೂ ಬದಿಗೆ ಕೆಂಪು ದಾರದೆಳೆಗಳ ಹಾಗೆ ನರಗಳು ಕಾಣಿಸಿಕೊಂಡವು. ಕೆನ್ನೆ ಸುಟ್ಟ ಹಾಗೆ ಕೆಂಪು, ಉಳಿದ ಮುಖವೆಲ್ಲ ಬೂದಿ ಬಣ್ಣ. ಎಲ್ಲಕ್ಕಿಂತ ನನಗೆ ಕಷ್ಟವಾಗಿದ್ದು ಆ ಚರ್ಮದ ಬಾಯಾರಿಕೆ. ಎಷ್ಟು ಕ್ರೀಮ್ ತಿಕ್ಕಿದರೂ ಕುಡಿದುಬಿಡುತ್ತಿತ್ತು. ಮೇಲೆ ಹಚ್ಚಿದ ಬಣ್ಣ ಎರಡನೇ ಅಂಕಕ್ಕೇ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಡುತ್ತಿತ್ತು. ವಯಸ್ಸು ಸುಕ್ಕುಗಳನ್ನು ಹೇಗಿದ್ದರೂ ತರುತ್ತದೆ, ನನಗೂ ತಂದಿದೆ. ಆದರೆ ಅವನಿಗೆ ಕುಡಿತ ಹತ್ತು ವರ್ಷದ್ದನ್ನು ಮುಂಗಡವಾಗಿ ತಂದು ಕೊಟ್ಟಿತ್ತು.

ದೊರೆ ಮಂತ್ರಿಯಾದ. ಮಂತ್ರಿ ಮುದುಕನಾದ. ಕೊನೆಗೆ ಒಂದು ಹಾಸ್ಯ ನಾಟಕದಲ್ಲಿ ಪಕ್ಕದ ಮನೆಯ ಕುಡುಕನಾದ. ಮೊದಲ ಪ್ರದರ್ಶನಕ್ಕೆ ನಾನು ಬ್ರಶ್ ಎತ್ತಿಕೊಂಡಾಗ ನಿರ್ದೇಶಕರು, "ಇವನಿಗೆ ಮೇಕಪ್ ಯಾಕಮ್ಮಾ? ದೇವರೇ ಮಾಡಿ ಕಳಿಸಿದ್ದಾನಲ್ಲ" ಎಂದರು. ಎಲ್ಲರೂ ನಕ್ಕರು. ತಮ್ಮನೂ ನಕ್ಕು ಬರಿಮುಖದಲ್ಲೇ ರಂಗಕ್ಕೆ ಹೋದ. ಅವನು ಕಾಲಿಟ್ಟ ಕೂಡಲೇ ಜನ ಬಿದ್ದು ಬಿದ್ದು ನಕ್ಕರು. ಪರದೆಯ ಪಕ್ಕ ನಿಂತಿದ್ದ ನಾನು ನಗಲಿಲ್ಲ, ಬಳಸದ ಬ್ರಶ್ಶನ್ನು ಡಬ್ಬಿಗೆ ತುರುಕಿದೆ.

ಆ ವರ್ಷವೇ ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ತಮ್ಮ ಕುಡಿತ ಬಿಟ್ಟದ್ದು ಅದಾದ ಮೇಲೆ. ಹೇಗೆ ಬಿಟ್ಟ, ಎಷ್ಟು ಸಲ ನಡುಗಿದ, ಯಾವ ಡಾಕ್ಟರು ಏನೆಂದರು ಎಂಬುದೆಲ್ಲ ದೊಡ್ಡ ಕಥೆ. ಬಿಟ್ಟ ಎಂಬುದು ಮುಖ್ಯ. ನಾನೇ ಹೋಗಿ ಅವಳನ್ನು ಕರೆದೆ. ಅವಳು ಬಂದಳು, ಬರುವಾಗ ಒಂದು ಷರತ್ತು ಹಾಕಿದಳು.

"ಅತ್ತಿಗೆ, ಇವರ ಮಾತನ್ನ ನಾನು ನಂಬಲ್ಲ. ವಾಸನೆನೂ ನಂಬಲ್ಲ, ಏನಾದ್ರೂ ಅಗಿದು ಬಂದುಬಿಡ್ತಾರೆ. ನೀವು ಪ್ರತಿ ನಾಟಕಕ್ಕೂ ಇವರ ಮುಖ ಮುಟ್ತೀರಲ್ಲ, ನಿಮ್ಮ ಕೈ ಹೇಳಿದ್ದನ್ನ ನಂಬ್ತೀನಿ. ನೀವು ಸರಿ ಇದೆ ಅಂದ್ರೆ ಸರಿ. ಇಲ್ಲ ಅಂದ ದಿನ ನಾನೂ ಮಗಳೂ ಹೊರಟ್ವಿ. ಆಮೇಲೆ ಕರೆಯೋಕೆ ಬರಬೇಡಿ."

ಅಂದಿನಿಂದ ಪ್ರತಿ ನಾಟಕದ ಮೊದಲ ಗಂಟೆ ಹೊಡೆಯುವ ಮುಂಚೆ ಅವಳ ಫೋನು. "ಮುಖ ಹೇಗಿದೆ ಅತ್ತಿಗೆ?" "ಸರಿ ಇದೆ ಕಣೇ." ಅಷ್ಟೇ ಮಾತು, ಫೋನು ಇಡುತ್ತಿದ್ದಳು.

ನಿಜವಾಗಿಯೂ ಸರಿ ಇರುತ್ತಿತ್ತು. ಮೊದಲು ಊತ ಇಳಿದು, ಕಳೆದೇ ಹೋಗಿದ್ದ ದವಡೆ ಕಾಣಿಸಿತು. ಆಮೇಲೆ ಕಣ್ಣು ಬೆಳ್ಳಗಾಯಿತು. ಬಣ್ಣ ಕೊನೆಯ ದೃಶ್ಯದವರೆಗೂ ಬಿರುಕಿಲ್ಲದೆ ನಿಲ್ಲತೊಡಗಿದ ದಿನ ನಾನು ಅವನಿಗೆ ಹೇಳದೆ ಒಬ್ಬಳೇ ಟೀ ಕುಡಿದು ಸಂಭ್ರಮಿಸಿದೆ. ಅವನೇನು ಮತ್ತೆ ರಾಜಕುಮಾರನಾಗಲಿಲ್ಲ. ವಯಸ್ಸನ್ನು ಹಿಂದೆ ಬಿಟ್ಟು ಓಡಿದ್ದ ಮುಖ ಮರಳಿ ಬಂದು ವಯಸ್ಸಿನ ಪಕ್ಕದಲ್ಲಿ ನಿಂತಿತು, ಅಷ್ಟೆ. ನನಗೆ ಅದೇ ಸಾಕಾಗಿತ್ತು.

ಹೀಗಿರುವಾಗ ಕಂಪನಿಯವರು ಆ ಹಳೆಯ ಹಾಸ್ಯ ನಾಟಕವನ್ನು ಮತ್ತೆ ಆಡಿಸಲು ಹೊರಟರು. ಈ ಸಲ ಕುಡುಕನ ಪಾತ್ರವನ್ನು ನಿರ್ದೇಶಕರು ಬೇರೊಬ್ಬ ನಟನಿಗೆ ಕೊಟ್ಟು, ತಮ್ಮನಿಗೆ ಪೋಸ್ಟ್‌ಮ್ಯಾನ್ ಪಾತ್ರ ಕೊಟ್ಟರು. ಎರಡೇ ಮಾತು, ಒಂದು ಕಾಗದ ಕೊಟ್ಟು ಹೋಗುವುದು. ಪೀಡೆ ತೊಲಗಿತು ಎಂದುಕೊಂಡೆ ನಾನು. ತಮ್ಮ ಮಾತ್ರ ಮಂಕಾದ. ತಾಲೀಮಿನಲ್ಲಿ ಮೂಲೆ ಹಿಡಿದು ಕೂರುತ್ತಿದ್ದ. "ಏನೋ ನಿಂಗೆ?" ಎಂದರೆ "ಏನಿಲ್ಲಕ್ಕ" ಎನ್ನುತ್ತಿದ್ದ. ಅವನ 'ಏನಿಲ್ಲ' ನನಗೆ ಹೊಸದಲ್ಲ. ಬಾಟಲಿ ಬಚ್ಚಿಟ್ಟ ಕಾಲದಲ್ಲೂ ಅದನ್ನೇ ಹೇಳುತ್ತಿದ್ದ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ.

ಮೊದಲ ಪ್ರದರ್ಶನದ ದಿನ ಮಧ್ಯಾಹ್ನ ಎಲ್ಲರಿಗಿಂತ ಮುಂಚೆ ಹೋಗಿ ಬಣ್ಣದ ಕೋಣೆಯಲ್ಲಿ ನನ್ನ ಡಬ್ಬಿಗಳನ್ನು ಜೋಡಿಸಿದೆ. ಕೆಂಪಿನ ಡಬ್ಬಿ ಸಿಗಲಿಲ್ಲ. ಕಂಪನಿಯಲ್ಲಿ ಯಾರು ಯಾವಾಗ ಏನು ಎತ್ತಿಕೊಂಡು ಹೋಗುತ್ತಾರೋ, ಬೈಯುತ್ತಲೇ ಹುಡುಕುತ್ತಾ ಸಾಮಾನಿನ ಕೋಣೆಗೆ ನಡೆದೆ. ಹಳೆಯ ಪರದೆಗಳು, ಮುರಿದ ಕತ್ತಿಗಳು, ಒಂದು ಕಾಲು ಕುಂಟಾದ ಸಿಂಹಾಸನ ಅಲ್ಲಿರುತ್ತವೆ. ಮೇಲೊಂದು ಹಳದಿ ಬಲ್ಬು. ಆ ಸಿಂಹಾಸನದ ಮೇಲೆ ತಮ್ಮ ಕೂತಿದ್ದ.

ತಲೆ ಎತ್ತಿ ನೋಡಿದ.

ಅದೇ ಮುಖ. ಊದಿದ ಕಣ್ಣುಗಳು, ಉರಿಯುವ ಕೆನ್ನೆ, ಮೂಗಿನ ಬದಿಯ ಕೆಂಪು ನರಗಳು, ಜೋತುಬಿದ್ದ ತುಟಿ, ಬೂದಿ ಬಣ್ಣದ ಹಣೆ. ಕಣ್ಣಾಲಿಗಳೂ ಕೆಂಪಾಗಿ ನೀರಾಡುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ವರ್ಷ ನನ್ನ ಕೈಯಾರೆ ಮುಟ್ಟಿ ಮುಟ್ಟಿ ಕಾಯ್ದುಕೊಂಡಿದ್ದ ಮುಖವನ್ನು ಈ ಪಾಪಿ ಒಂದೇ ರಾತ್ರಿಯಲ್ಲಿ ಒಡೆದು ಹಾಕಿದ್ದ. ಒಂದು ರಾತ್ರಿಗೆ ಮುಖ ಇಷ್ಟು ಕೆಡುತ್ತದೆಯೇ ಎಂದು ಯೋಚಿಸಬೇಕಿತ್ತು ನಾನು. ಹಾವು ಕಡಿದವಳಿಗೆ ಹಗ್ಗವನ್ನು ಮುಟ್ಟಿ ನೋಡುವ ವ್ಯವಧಾನ ಎಲ್ಲಿರುತ್ತದೆ?

ಅಷ್ಟರಲ್ಲಿ ಸೆರಗಿನ ಗಂಟಿನಲ್ಲಿದ್ದ ಫೋನು ಬಡಿದುಕೊಂಡಿತು.

"ಅತ್ತಿಗೆ, ಇವತ್ತು ನಾವೂ ಬರ್ತಿದ್ದೀವಿ. ಮಗಳು ಹೊಸ ಫ್ರಾಕ್ ಹಾಕ್ಕೊಂಡು ಆಗ್ಲೇ ಬಾಗಿಲಲ್ಲಿ ನಿಂತಿದ್ದಾಳೆ. ಮುಖ ಹೇಗಿದೆ?"

ಸರಿ ಇದೆ ಎಂದರೆ ಆ ಹೆಣ್ಣಿಗೆ ದ್ರೋಹ. ಇಲ್ಲ ಎಂದರೆ ಹೊಸ ಫ್ರಾಕ್ ಹಾಕಿಕೊಂಡ ಮಗು ಅಲ್ಲಿಂದಲೇ ಬಸ್ಸು ಹತ್ತುತ್ತದೆ.

"ಇನ್ನೂ ಮುಟ್ಟಿಲ್ಲ ಕಣೇ," ಎಂದೆ. "ಸ್ವಲ್ಪ ಹೊತ್ತು ಬಿಟ್ಟು ಮಾಡು."

"ಯಾಕತ್ತಿಗೆ, ದನಿ ಹೀಗಿದೆ?"

"ಕೆಲಸ ಇದೆ, ಇಡು."

ತಮ್ಮ ಸಿಂಹಾಸನದಿಂದ ಏಳಲು ಹೋಗಿ ಒಮ್ಮೆ ತೂರಾಡಿದ, ನನ್ನ ಕಡೆ ನೋಡಿ ಹಲ್ಲು ಕಿರಿದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಾಲ್ಕು ಹೆಜ್ಜೆಗೆ ಹೋದವಳೇ ಕೈ ಬೀಸಿ ಅವನ ಕೆನ್ನೆಗೆ ಬಾರಿಸಿದೆ. ಛಟೀರ್ ಎಂದು ಕೋಣೆಯೆಲ್ಲ ಕೇಳಿಸಿತು.

"ನಾಯಿ ಬಾಲ ಡೊಂಕೇ ಕಣೋ! ಆ ಮಗು ಮುಖ ಆದ್ರೂ ನೆನಪಾಗ್ಲಿಲ್ವಾ ನಿಂಗೆ?"

"ಅಯ್ಯೋ ಅಕ್ಕಾ!" ಎಂದು ಅವನು ಕೆನ್ನೆ ಹಿಡಿದುಕೊಂಡ. "ಎಡಗಡೆ ಪೂರ್ತಿ ಹಾಳಾಯ್ತಲ್ಲೇ! ಊಟ ಕೂಡ ಮಾಡ್ದೆ ಕೂತು ಬಳ್ಕೊಂಡಿದ್ದೆ!"

ನನ್ನ ಅಂಗೈ ನೋಡಿಕೊಂಡೆ. ಕೆಂಪಾಗಿತ್ತು. ರಕ್ತ ಬಂತೇ ಎಂದು ಒಂದು ಕ್ಷಣ ಹೆದರಿದೆ. ಮೂಸಿ ನೋಡಿದೆ. ನನ್ನದೇ ಕೆಂಪಿನ ಡಬ್ಬಿಯ ವಾಸನೆ. ಅವನ ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದವು. ಬೆರಳು ಒರೆಸಿದ್ದ ಕಡೆಯೆಲ್ಲ ಕೆಳಗಿನಿಂದ ಅವನ ಈಗಿನ ಚರ್ಮ, ತಿಳಿಯಾದ ಚರ್ಮ, ಇಣುಕುತ್ತಿತ್ತು.

"ಬಾಯಿ ತೆಗಿ," ಎಂದೆ.

"ಅಕ್ಕಾ—"

"ತೆಗಿಯೋ!"

ತೆಗೆದ. ಟೀ ವಾಸನೆ, ಅದೂ ಸಕ್ಕರೆ ಜಾಸ್ತಿ ಹಾಕಿದ ಟೀ. ಹೋದ ಜೀವ ಮರಳಿ ಬಂದಂತಾಯಿತು. ಆ ಕುಂಟು ಸಿಂಹಾಸನದ ಮೇಲೆ ಕೂತು ನಾನು ಅಳತೊಡಗಿದೆ. ಅಳುತ್ತಲೇ ನಗು ಬಂತು. ಅವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ.

ನಿರ್ದೇಶಕರು ಅವನಿಗೆ ಹೇಳಿದ್ದರಂತೆ: "ನಿನ್ನ ಮುಖ ಈಗ ಮದುವೆ ಗಂಡಿನ ಹಾಗಿದೆ ದೊರೆ, ಕುಡುಕ ಅಂದ್ರೆ ಯಾರು ನಂಬ್ತಾರೆ?" ಹಾಗಾದರೆ ನಂಬಿಸಿ ತೋರಿಸುತ್ತೇನೆ, ಆಮೇಲೆ ಪಾತ್ರ ಕೊಡಿ ಎಂದು ಇವನು ಪಂಥ ಕಟ್ಟಿದ್ದ. ಹಳೆಯ ಫೋಟೊ ಒಂದನ್ನು ಮುಂದಿಟ್ಟುಕೊಂಡು, ನನ್ನ ಡಬ್ಬಿಗಳನ್ನು ಕದ್ದು, ಈ ವಾರವೆಲ್ಲ ಕದ್ದುಮುಚ್ಚಿ ಅಭ್ಯಾಸ ಮಾಡಿದ್ದ. ಕಣ್ಣಿಗೆ ಬಣ್ಣ ಹೋಗಿ ಉರಿದು ಕಣ್ಣಾಲಿಗಳು ಕೆಂಪಾಗಿದ್ದವು. ನನ್ನೆದುರು ತೂರಾಡಿದ್ದೂ ಪಾತ್ರದ ಅಭ್ಯಾಸವೇ.

"ಹುಟ್ಟಿದಾಗಿಂದ ಬ್ರಶ್ ಹಿಡಿದವನಲ್ಲ ನೀನು. ನನ್ನನ್ನ ಕೇಳಿದ್ರೆ ನಾನು ಮಾಡ್ತಿರ್ಲಿಲ್ವಾ?"

ಅವನು ನೆಲ ನೋಡಿದ. "ನಿನ್ನ ಕೈಲಿ ಆ ಮುಖ ಮತ್ತೆ ಬರೆಸೋಕೆ ಮನಸ್ಸು ಬರ್ಲಿಲ್ಲಕ್ಕ. ಅದನ್ನ ಒರೆಸೋಕೇ ನೀನು ಅಷ್ಟು ಕಷ್ಟಪಟ್ಟಿದ್ದೀಯ."

ನನಗೆ ಮತ್ತೆ ಅಳು ಬಂತು. ಈ ಸಲ ತಡೆದುಕೊಂಡೆ, ಯಾಕೆಂದರೆ ಫೋನು ಬಡಿದುಕೊಳ್ಳುತ್ತಿತ್ತು.

"ಸರಿ ಇದೆ ಕಣೇ," ಎಂದೆ ಅವಳು ಕೇಳುವ ಮೊದಲೇ. "ಸರಿ ಇದೆ. ಪೂರ್ತಿ ಸರಿ ಇದೆ. ಬೇಗ ಬನ್ನಿ. ಸ್ಟೇಜ್ ಮೇಲೆ ಬೇರೆ ಮುಖ ಕಾಣುತ್ತೆ, ನೋಡಿ ಹೆದರ್ಬೇಡ. ಅದು ನನ್ನ ಡಬ್ಬಿದು, ಬಾಟ್ಲಿದಲ್ಲ."

ಆ ಕಡೆ ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು. "ಅತ್ತಿಗೆ, ಅಳ್ತಿದ್ದೀರಾ?"

"ನೆಗಡಿ," ಎಂದು ಮೂಗು ಒರೆಸಿಕೊಂಡೆ. ಮೂಗೂ ಕೆಂಪಾಯಿತು. ತಮ್ಮ ಬಿದ್ದು ಬಿದ್ದು ನಕ್ಕ.

ಎಡಗೆನ್ನೆಯನ್ನು ನಾನೇ ಸರಿ ಮಾಡಿದೆ. ಬಲಗೆನ್ನೆಯನ್ನು ಮುಟ್ಟಲಿಲ್ಲ, ಅದು ಅಷ್ಟು ಚೆನ್ನಾಗಿತ್ತು. ನಿರ್ದೇಶಕರು ಒಳಗೆ ಬಂದವರು ಅವನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ದೊರೆ, ಏನಿದು, ಮತ್ತೆ..." ಎಂದು ಮಾತು ನುಂಗಿದರು. ನಾನು ಅವರೆದುರು ಹತ್ತಿಯಿಂದ ಅವನ ಹಣೆಯನ್ನೊಂದು ಚೂರು ಒರೆಸಿ ತೋರಿಸಿದೆ. ಅವರು ತಲೆ ಕೆರೆದುಕೊಂಡು ಆ ಇನ್ನೊಬ್ಬ ನಟನನ್ನು ಕರೆದು ಪೋಸ್ಟ್‌ಮ್ಯಾನ್ ಚೀಲ ಕೈಗಿತ್ತರು. ಅವನಿಗೂ ಮಾತು ಕಡಿಮೆಯಾಯಿತಲ್ಲ ಎಂದು ಖುಷಿಯೇ.

ಜನ ನಕ್ಕರು. ಈ ಸಲ ಪರದೆಯ ಪಕ್ಕ ನಿಂತು ನಾನೂ ನಕ್ಕೆ.

ನಾಟಕ ಮುಗಿದ ಮೇಲೆ ಅವನ ಹೆಂಡತಿ, ಮಗಳು ಬಣ್ಣದ ಕೋಣೆಗೆ ಬಂದರು. ಅಮ್ಮ ಎಷ್ಟು ಹೇಳಿದ್ದರೂ ಮಗು ಬಾಗಿಲಲ್ಲೇ ನಿಂತು, ಅಮ್ಮನ ಸೀರೆ ಹಿಡಿದು, ಅಪ್ಪನ ಮುಖವನ್ನೇ ನೋಡುತ್ತಿತ್ತು. ಆ ಮುಖ ಅದಕ್ಕೆ ಮರೆತಿರಲಿಲ್ಲ. ತಮ್ಮ ಹತ್ತಿರ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು, ಹತ್ತಿಗೆ ಕೋಲ್ಡ್ ಕ್ರೀಮ್ ಹಚ್ಚಿ ಕೈ ಚಾಚಿದ.

"ಪುಟ್ಟಿ, ನೀನೇ ಒರೆಸ್ತೀಯಾ?"

ಮಗು ನನ್ನನ್ನು ನೋಡಿತು. ನಾನು ತಲೆಯಾಡಿಸಿದೆ. ಅದು ಮೆಲ್ಲಗೆ ಬಂದು ಮೊದಲು ಬೆರಳ ತುದಿಯಿಂದ ಅಪ್ಪನ ಕೆನ್ನೆ ಮುಟ್ಟಿ, ಬೆರಳಿಗೆ ಹತ್ತಿದ ಬಣ್ಣ ನೋಡಿಕೊಂಡಿತು. ಆಮೇಲೆ ಹತ್ತಿ ತೆಗೆದುಕೊಂಡಿತು. ಹಣೆ ಒರೆಸಿತು. ಕಣ್ಣಿನ ಕೆಳಗಿನ ಚೀಲಗಳು ಹೋದವು. ಕೆನ್ನೆಯ ಉರಿ ಹೋಯಿತು. ಹತ್ತಿ ಕೆಂಪಾದಂತೆಲ್ಲ ನಾನು ಹೊಸದನ್ನು ಕೊಡುತ್ತಾ ಹೋದೆ. ತಮ್ಮ ಕಣ್ಣು ಮುಚ್ಚಿ ಮಿಸುಕದೆ ಕೂತಿದ್ದ.

ಮೂಗಿನ ಹತ್ತಿರ ಬಂದು ಮಗು ನಿಂತಿತು. ಒರೆಸಿತು, ಮತ್ತೆ ಒರೆಸಿತು.

"ಅತ್ತೆ, ಇಲ್ಲಿ ಸಣ್ಣ ಸಣ್ಣ ಕೆಂಪು ಗೆರೆ ಇದೆ. ಹೋಗ್ತಾನೇ ಇಲ್ಲ."

ನಾನು ಬಗ್ಗಿ ನೋಡಬೇಕಾಗಿರಲಿಲ್ಲ. ವರ್ಷದಿಂದ ನೋಡುತ್ತಿದ್ದೇನೆ. ಮಸುಕಾಗಿವೆ, ಹೋಗಿಲ್ಲ, ಹೋಗುವುದೂ ಇಲ್ಲವೇನೋ. "ಅದು ಬಣ್ಣ ಅಲ್ಲ ಪುಟ್ಟಿ," ಎಂದೆ. "ಅದು ಅಪ್ಪಂದೇ."

ತಮ್ಮ ಕಣ್ಣು ಬಿಡಲಿಲ್ಲ. ಅವನ ಹೆಂಡತಿ ಹತ್ತಿರ ಬಂದು ಮಗಳ ಕೈಯಿಂದ ಹತ್ತಿ ತೆಗೆದುಕೊಂಡಳು. ವರ್ಷಗಳ ಮೇಲೆ ಮೊದಲ ಸಲ, ನನ್ನನ್ನು ಏನೂ ಕೇಳದೆ, ತನ್ನ ಕೈಯನ್ನೇ ಅವನ ಕೆನ್ನೆಯ ಮೇಲಿಟ್ಟು ನೋಡಿದಳು.

"ಅಷ್ಟು ಇರ್ಲಿ ಬಿಡು," ಎಂದಳು ಮಗಳಿಗೆ. "ನಡೀರಿ, ಹಸಿವಾಗ್ತಿದೆ."

ಮುಂದಿನ ಪ್ರದರ್ಶನದ ದಿನ ಮೊದಲ ಗಂಟೆ ಹೊಡೆಯುವವರೆಗೂ ನಾನು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅದು ಬಡಿದುಕೊಳ್ಳಲೇ ಇಲ್ಲ.