ವಾಲಿದ ಬಾರ್ನ್

ಬಾಥೆಲ್‌ನ ಹೊರವಲಯದ ಆ ಜಮೀನನ್ನು ಅಲ್ಲಿ ನೆಲೆಸಿದ ಕನ್ನಡಿಗರ ಕೂಟದವರು ಕೊಂಡದ್ದು ಸಭಾಭವನ ಕಟ್ಟುವುದಕ್ಕೆ. ಅಲ್ಲಿದ್ದ ತೋಟದ ಮನೆಯನ್ನೂ ಅದರ ಪಕ್ಕದಲ್ಲಿ ಕಾಳು-ಹುಲ್ಲು ತುಂಬುವ ದೊಡ್ಡ ಮರದ ಬಾರ್ನನ್ನೂ ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಿಂದ ಬಂದ ರೈತನೊಬ್ಬ ತನ್ನೂರಿನ ರೀತಿಯಲ್ಲೇ ಕಟ್ಟಿಸಿದ್ದ. ಮನೆ ಗಟ್ಟಿಯಾಗಿತ್ತು. ಬಾರ್ನ್ ಮಾತ್ರ ಪೂರ್ವಕ್ಕೆ ವಾಲಿ, ಈಗಲೋ ಆಗಲೋ ಎನ್ನುವಂತೆ ನಿಂತಿತ್ತು.

"ಕೆಡವ್ಸೋದೇ ಸೈ," ಅಂದರು ಕೂಟದ ಅಧ್ಯಕ್ಷ ಬದರಿನಾಥ. "ಯಾರ ತಲೆ ಮೇಲಾದ್ರೂ ಬಿದ್ರೆ ಯಾರಮ್ಮ ಜವಾಬ್ದಾರಿ?"

"ನಾನು," ಅಂದಳು ಜಾಹ್ನವಿ.

ಕೂಟದ ಸದಸ್ಯೆ ಜಾಹ್ನವಿ, ನಗರದ ನಡುವಿನ ಡೆನ್ನಿ ಟ್ರಯಾಂಗಲ್‌ನ ಗಾಜಿನ ಗೋಪುರಗಳಿಗೆ ಭಾರದ ಲೆಕ್ಕ ಹಾಕಿಕೊಡುವ ಇಂಜಿನಿಯರ್. ಎಷ್ಟೋ ಕಟ್ಟಡಗಳು ಅವಳ ಲೆಕ್ಕದ ಮೇಲೆ ನಿಂತಿದ್ದವು. ಅವುಗಳ ಒಂದು ಕಂಬವನ್ನೂ ಅವಳು ಕೈಯಾರೆ ಮುಟ್ಟಿರಲಿಲ್ಲ. ಇಲ್ಲಿ ಎಲ್ಲವೂ ಬಯಲಾಗಿ ಕಾಣುತ್ತಿತ್ತು. ಕಂಬದ ಗೂಡಿಗೆ ತೊಲೆಯ ತುದಿ ಹೊಕ್ಕು, ಅದಕ್ಕೆ ಮರದ ಗೂಟ ಬಿದ್ದಿತ್ತು. ಮೂಲ ಕಟ್ಟಿನಲ್ಲಿ ಹುಡುಕಿದರೂ ಒಂದು ಕಬ್ಬಿಣದ ಮೊಳೆ ಇಲ್ಲ. ಎದುರುಬದುರಾಗಿ ಎರಡು ಭಾರಿ ಬಾಗಿಲು, ನಡುವೆ ದಪ್ಪ ಹಲಗೆಯ ನೆಲ.

"ಇದು ಕಣ ಸಾರ್," ಅಂದಳು. "ಎರಡೂ ಬಾಗಿಲು ತೆಗೆದ್ರೆ ಗಾಳಿ ನುಗ್ಗತ್ತೆ. ಇಲ್ಲೇ ಬಡಿದು ಇಲ್ಲೇ ತೂರ್ತಿದ್ರು. ನಮ್ಮಜ್ಜಿ ಕಣದಲ್ಲಿ ಗಾಳಿಗೆ ಕಾಯ್ತಾ ಕೂರೋರು. ಇವರು ಗಾಳಿಗೇ ದಾರಿ ಮಾಡಿಟ್ಟಿದಾರೆ."

ಬದರಿನಾಥರು ಕರಗಲಿಲ್ಲ. "ವಾಲಿದ್ದು ಯಾಕೆ, ಅದು ಹೇಳು."

ಅವಳು ಮೇಲೆ ತೋರಿಸಿದಳು. ಕಂಬಕ್ಕೂ ತೊಲೆಗೂ ಓರೆಯಾಗಿ ಆಸರೆ ಕೊಡಬೇಕಾದ ಎರಡು ಮರಗಳನ್ನು ಯಾರೋ ಟ್ರ್ಯಾಕ್ಟರ್ ನುಗ್ಗಿಸಲು ಗರಗಸದಲ್ಲಿ ಕೊಯ್ದಿದ್ದರು. ಮೊಂಡು ತುದಿಗಳು ಮಾತ್ರ ಉಳಿದಿದ್ದವು.

"ಮರ ಸೋತಿಲ್ಲ ಸಾರ್. ಕೈಕೋಲು ಕಿತ್ಕೊಂಡಿದಾರೆ ಅಷ್ಟೆ."

"ಯುಗಾದಿಯೊಳಗೆ ನೆಟ್ಟಗಾದ್ರೆ ಸರಿ. ಇಲ್ಲಾಂದ್ರೆ ಬುಲ್‌ಡೋಜರ್," ಎಂದು ಅವರು ಕಾರು ಹತ್ತಿದರು.

ಜಾಹ್ನವಿ ನಕ್ಷೆ ಬರೆದು, ಕೌಂಟಿಯ ಅನುಮತಿ ತಂದಳು. ಪಶ್ಚಿಮದ ಬಯಲಿನಲ್ಲಿ ಕಾಂಕ್ರೀಟ್ ದಿಮ್ಮಿಗಳನ್ನು ಹೂಳಿಸಿ, ಅಲ್ಲಿಂದ ತೊಲೆಗಳಿಗೆ ಉಕ್ಕಿನ ಹಗ್ಗ ಕಟ್ಟಿಸಿದಳು. ಶನಿವಾರ ಬಂತೆಂದರೆ ಗಂಡ ಸುಹಾಸನೂ ಗೆಳೆಯ ಅಶ್ವತ್ಥನೂ ಹಗ್ಗ ಬಿಗಿಯುವ ರಾಟೆ ತಿರುಗಿಸುವರು. ಒಂದೆರಡು ಬೆರಳಿನಷ್ಟು ಕದಲಿದರೆ ಅವತ್ತಿಗೆ ಸಾಕು.

"ಇನ್ನೊಂಚೂರು ಎಳ್ದುಬಿಡೋಣ," ಅಂತ ಅಶ್ವತ್ಥ ಆತುರಪಡುತ್ತಿದ್ದ.

"ಬೇಡ. ವಾಲೋಕೆ ಅಷ್ಟು ವರ್ಷ ತಗೊಂಡಿದೆ. ಏಳೋಕೂ ಟೈಮ್ ಕೊಡು."

ಒಂದು ಶನಿವಾರ ಬದರಿನಾಥರೂ ನೋಡಲು ಬಂದಿದ್ದರು. ರಾಟೆ ತಿರುಗುತ್ತಿದ್ದಂತೆ ಒಳಗೆ ಗುಂಡು ಹಾರಿದಂತೆ ಸದ್ದಾಯಿತು. ಎಲ್ಲರೂ ದೂರ ಓಡಿದರು.

"ಸಾಕಮ್ಮ, ಇಲ್ಲಿಗೆ ಬಿಟ್ಬಿಡು," ಎಂದರು ಅವರು ಏದುಸಿರು ಬಿಡುತ್ತ.

ಜಾಹ್ನವಿ ಬಾರ್ನ್ ಕಡೆ ತಿರುಗಿದಳು. ತನ್ನ ಲೆಕ್ಕವೇ ತಪ್ಪಿತೇ? ಹೊರಗೆ ನಿಂತರೆ ತಿಳಿಯುವಂತಿರಲಿಲ್ಲ. ಅವಳು ಹೆಲ್ಮೆಟ್ ಬಿಗಿದಳು.

"ಹೋಗ್ಬೇಡ ಕಣೆ," ಅಂದ ಸುಹಾಸ್.

"ಹಗ್ಗ ಹಿಡ್ಕೊಂಡಿದೆ. ನೀನು ರಾಟೆ ಹತ್ರಾನೇ ಇರು."

ಒಂದೊಂದೇ ಕಂಬಕ್ಕೆ ಅಂಗೈ ಒತ್ತಿ ನೋಡುತ್ತ ನಡೆದಳು. ಗೂಟಗಳೆಲ್ಲ ನೆಟ್ಟಗಿದ್ದವು. ಸೀಳಿದ್ದು ಉತ್ತರದ ಗೋಡೆಯ ಹಲಗೆ. ಬಾರ್ನ್ ವಾಲಿದ ಮೇಲೆ ಯಾರೋ ಕಂಬದಿಂದ ಕಂಬಕ್ಕೆ ಹಲಗೆ ಜಡಿದು, ಆ ಓರೆಯನ್ನೇ ಭದ್ರ ಮಾಡಿದ್ದರು.

"ಹಾರೆ ಕೊಡಿ!" ಎಂದು ಒಳಗಿನಿಂದ ಕೂಗಿದಳು. "ಮೊಳೆ ಹೊಡ್ದು ಸೊಟ್ಟಗೇ ಕಟ್ಟಿಹಾಕಿದಾರೆ ಇದನ್ನ!"

ಸುಹಾಸ್ ರಾಟೆ ಕಾದ. ಅಶ್ವತ್ಥ ಬಂದು ಕೈಜೋಡಿಸಿದ. ಹಲಗೆಗಳೆಲ್ಲ ಕಳಚಿದ ಮೇಲೆ ಮತ್ತೆ ರಾಟೆ ತಿರುಗಿತು. ಬಾರ್ನ್ ಒಮ್ಮೆ ನರಳಿ, ಮೆಲ್ಲಗೆ ಮೇಲೆದ್ದಿತು.

ಯುಗಾದಿಗೆ ಮೊದಲಿನ ವಾರ ನೆಟ್ಟಗಿದೆಯೇ ಎಂದು ನೋಡಲು ಬಿಟ್ಟ ತೂಕದ ಗುಂಡಿನ ದಾರ ಕಂಬದ ಉದ್ದಕ್ಕೂ ನೇರವಾಗಿ ಇಳಿಯಿತು. ಹೊಸ ಆಸರೆ ಮರಗಳನ್ನು ಕೂಡಿಸಿದರು. ಕೊನೆಯ ಗೂಟವನ್ನು, ಯಾರೂ ಕೇಳದಿದ್ದರೂ, ಬದರಿನಾಥರೇ ಕೊಡತಿ ತೆಗೆದುಕೊಂಡು ಜಡಿದರು. ಆಮೇಲೆ ಹಗ್ಗ ಸಡಿಲಿಸಿದರು. ಬಾರ್ನ್ ತನ್ನ ಕಾಲ ಮೇಲೆ ನಿಂತಿತು.

ಬದರಿನಾಥರು ತಲೆಯೆತ್ತಿ ಮಾಡನ್ನು ನೋಡುತ್ತ ಬಹಳ ಹೊತ್ತು ನಿಂತರು. "ಇಷ್ಟು ಎತ್ತರ ಇದ್ಯೇನಮ್ಮ ಇದು!" ಅಂದರು. ಹೊರಗೆ ಬಂದವರೇ ಮನೆಯ ಕಡೆ ಕಣ್ಣು ಕಿರಿದು ಮಾಡಿದರು. "ಆ ಚಿಮಣಿ ಒಂಚೂರು ಓರೆ ಇದ್ದಂಗಿಲ್ವಾ?"

ಜಾಹ್ನವಿ ಏಣಿ ಎತ್ತಿಕೊಂಡು ಆಗಲೇ ಆ ಕಡೆ ಹೊರಟಿದ್ದಳು.