ಹೆಲೆನ್‌ಗೆ ಸಿಕ್ಕ ಕ್ಷಮೆ

ಬ್ರಿಸ್ಬೇನಿನ ಹೆಲೆನ್ ಎಂಬ ವಿಧವೆಯ ಮನೆಗೆ ಹೋಗಿ ಮಂತ್ರಿಗಳು ಕ್ಷಮೆ ಕೇಳುವುದನ್ನು ಟಿವಿಯಲ್ಲಿ ನೋಡಿ ಮೈಥಿಲಿಯ ಹೊಟ್ಟೆಗೆ ಕಿಚ್ಚು ಬಿತ್ತು.

ಹೆಲೆನ್‌ಳ ಗಂಡ ಗ್ರಾಂಟ್ ಮಾಜಿ ಸೈನಿಕ. ಸರ್ಕಾರ ಗುತ್ತಿಗೆ ಕೊಟ್ಟಿದ್ದ ಕ್ಲಿನಿಕ್ಕಿನವರು ನೋವಿಗೊಂದು, ನಿದ್ದೆಗೊಂದು ಎಂದು ಜೊತೆಗೆ ಕೊಡಬಾರದ ಮಾತ್ರೆಗಳನ್ನು ಕೊಟ್ಟಿದ್ದರು. ಮಲಗಿದವನು ಏಳಲಿಲ್ಲ. ಪರ್ತ್‌ನಲ್ಲಿ ಅದೇ ಕಂಪನಿಯ ಕ್ಲಿನಿಕ್ಕು ಮೈಥಿಲಿಯ ಗಂಡ ಉತ್ತಮನಿಗೂ ಅವೇ ಮಾತ್ರೆಗಳನ್ನು ಕೊಟ್ಟಿತ್ತು. ಮೈಸೂರಿನಿಂದ ಬಂದು ಇಲ್ಲಿನ ಸೇನೆಯಲ್ಲಿ ಇಂಜಿನಿಯರಾಗಿದ್ದವನು ಅವನು. ನಿಂತ ಉಸಿರು ಮರಳಿತು, ಮಾತು ಪೂರ್ತಿ ಮರಳಲಿಲ್ಲ. ಮೈಥಿಲಿಯ ದೂರಿಗೆ ಮಾಜಿ ಸೈನಿಕರ ಇಲಾಖೆಯಿಂದ "ಪರಿಶೀಲನೆಯಲ್ಲಿದೆ" ಎಂಬುದೊಂದೇ ಉತ್ತರ.

"ಅವಳ ಗಂಡ ಹೋಗ್ಬಿಟ್ಟ ಕಣೇ. ನಿಂಗೆ ಉತ್ತಮ್ ಇದಾನಲ್ಲ," ಎಂದಳು ಪರ್ತ್‌ನದೇ ಬಡಾವಣೆಯಾದ ಕ್ಯಾನಿಂಗ್ಟನ್ನಿನ ಗೆಳತಿ ಮಾಲವಿಕಾ.

"ಗೊತ್ತು. ಆದ್ರೂ ಹೊಟ್ಟೆ ಉರಿಯುತ್ತೆ. ಸತ್ರೇನೇ ಲೆಕ್ಕಕ್ಕೆ ಬರೋದು ಅಂತಾಯ್ತಲ್ಲ!"

ಅಂದಮೇಲೆ ಅವಳಿಗೇ ನಾಚಿಕೆಯಾಯಿತು. ಉರಿ ಮಾತ್ರ ಆರಲಿಲ್ಲ.

ಅಡಿಲೇಡಿನಲ್ಲಿ ಸಂಸದರ ಸಮಿತಿಯೊಂದು ವಿಚಾರಣೆ ನಡೆಸಿದಾಗ ಇಬ್ಬರಿಗೂ ಕರೆ ಬಂತು. ಹೆಲೆನ್ ಒಳಗೆ ಕಾಲಿಟ್ಟದ್ದೇ ಕ್ಯಾಮೆರಾಗಳು ಅತ್ತ ತಿರುಗಿದವು. ಯಾರೋ ಕುರ್ಚಿ ಎಳೆದುಕೊಟ್ಟರು, ಯಾರೋ ನೀರು ತಂದರು. ಮೈಥಿಲಿಯ ಹೆಸರನ್ನೇ ತಪ್ಪಾಗಿ ಕೂಗಿದರು. ಸಾಕ್ಷಿ ಹೇಳುತ್ತ ಹೆಲೆನ್ ಅತ್ತದ್ದನ್ನೂ ಮೈಥಿಲಿಯಿಂದ ಸಹಿಸಲಾಗಲಿಲ್ಲ. ಹೀಗೆ ಅಳಲು ತನಗೆ ಯಾರು ಜಾಗ ಕೊಟ್ಟಿದ್ದರು?

ಊಟದ ಬಿಡುವಿನಲ್ಲಿ ಹೆಲೆನ್ ತಾನಾಗಿಯೇ ಚಹಾ ಹಿಡಿದು ಮೈಥಿಲಿಯ ಪಕ್ಕದಲ್ಲಿ ಬಂದು ಕೂತಳು.

"ನಿಮ್ಮವರಿಗೆ ಹೀಗಾದದ್ದು ಯಾವಾಗ?"

"ಹೋದ ವರ್ಷ ಈಸ್ಟರ್ ಹೊತ್ತಿಗೆ. ಕೂಡಲೇ ಇಲಾಖೆಗೆ ದೂರು ಕೊಟ್ಟೆ."

ಹೆಲೆನ್ ಚಹಾ ಕೆಳಗಿಟ್ಟಳು. "ಗ್ರಾಂಟ್ ಸತ್ತದ್ದು ಅದಾದ ಮೇಲೆ, ಕ್ರಿಸ್‌ಮಸ್‌ಗೆ."



ಮಧ್ಯಾಹ್ನ ಇಲಾಖೆಯ ಮುಖ್ಯಾಧಿಕಾರಿ ಉತ್ತರಿಸಲು ಕೂತಾಗ ಹೆಲೆನ್ ಎದ್ದು ನಿಂತಳು. "ಈಕೆಯ ದೂರು ನಿಮಗೆ ತಲುಪಿದಾಗ ನನ್ನ ಗಂಡ ಬದುಕಿದ್ದ. ಆಗ ನೀವೇನು ಮಾಡಿದಿರಿ?"

ಅಧಿಕಾರಿ ಹಿಂದೆ ಕೂತವರತ್ತ ನೋಡಿದರು. ಯಾರೂ ನೆರವಿಗೆ ಬರಲಿಲ್ಲ. "ಸಾವಾಗಿರಲಿಲ್ಲ. ಹಾಗಾಗಿ ತುರ್ತೆಂದು ಎಣಿಸಲಿಲ್ಲ," ಎಂದರು.

ಕ್ಯಾಮೆರಾಗಳು ಆಗ ಮೈಥಿಲಿಯತ್ತ ತಿರುಗಿದವು. ಅವಳ ಎದೆಯಲ್ಲಿ ಮತ್ತೆ ಅದೇ ಕಿಚ್ಚು. ಈ ಪ್ರಶ್ನೆಯನ್ನು ತಾನು ಕೇಳಿ ಕೇಳಿ ಸೋತಿದ್ದಳು. ಹೆಲೆನ್ ಬಾಯಿ ತೆರೆದದ್ದೇ ಉತ್ತರ ಬಂತು! ಆದರೂ ಇನ್ನೂ ನಿಂತೇ ಇದ್ದ ಹೆಲೆನ್‌ಳನ್ನು ತೋಳು ಹಿಡಿದು ಕೂರಿಸಿದಳು.

ಆ ಕಂಪನಿಯ ಗುತ್ತಿಗೆ ರದ್ದಾಯಿತು. ಬದುಕುಳಿದವರ ದೂರುಗಳನ್ನೂ ತನಿಖೆಗೆ ತೆಗೆದುಕೊಂಡರು. ಚಳಿಗಾಲ ಮುಗಿಯುವ ಮುನ್ನ ಮಂತ್ರಿಗಳು ಪರ್ತ್‌ಗೂ ಬಂದು, ಉತ್ತಮನ ಕೈ ಹಿಡಿದು ಕ್ಷಮೆ ಕೇಳಿ ಹೋದರು. ಕಾರು ತಿರುವಿನಲ್ಲಿ ಮರೆಯಾದಮೇಲೆ ಮೈಥಿಲಿ ಬ್ರಿಸ್ಬೇನಿಗೆ ಫೋನ್ ಮಾಡಿದಳು.

"ಬಂದಿದ್ದರಾ?" ಕೇಳಿದಳು ಹೆಲೆನ್. "ಸಮಾಧಾನವಾಯಿತಾ?"

ಹೌದೆನ್ನಲು ಹೊರಟ ಮೈಥಿಲಿ ತಡೆದುಕೊಂಡಳು. "ಇಲ್ಲ."

"ನನಗೂ ಆಗಿರಲಿಲ್ಲ," ಎಂದಳು ಹೆಲೆನ್.