ಹಳಿಯ ಸಂದು

"ರೀ, ಆ ಪಾತ್ರೆ ಉಜ್ಜೋ ಸ್ಟೀಲ್ ನಾರು ಇತ್ತ ತರಬೇಡಿ!" ಸೊಸೆ ಮೇಜಿನಿಂದ ತಲೆ ಎತ್ತದೆಯೇ ಗಂಡನನ್ನು ಗದರಿದಳು. "ಅದರ ಎಳೆ ಉದುರಿ ಎಂಜಿನ್ ಒಳಗೆ ಸೇರ್ಕೊಂಡ್ರೆ ರೈಲೂ ಇಲ್ಲ, ಗೀಲೂ ಇಲ್ಲ."

"ಗುಜರಿಗೆ ಹೋಗೋ ಸಾಮಾನಿಗೆ ಎಷ್ಟು ಉಪಚಾರ ಮಾರಾಯ್ತಿ!" ಎಂದು ಅವನು ನಾರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಆ ಆಟದ ರೈಲು ಮಾವನದು. ದರ್ಜಿಯಾಗಿದ್ದ ಅವರು ಹರೆಯದಲ್ಲಿ ಆಸೆಪಟ್ಟು ಕೊಂಡಿದ್ದು. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅದು ಸುತ್ತುತ್ತಿತ್ತಂತೆ. ಕಣ್ಣು ಪೂರ್ತಿ ಹೋದ ಮೇಲೆ ಅಂಗಡಿ ಮುಚ್ಚಿತು, ರೈಲು ಅಟ್ಟ ಸೇರಿತು, ಮಾವನ ಮಾತೂ ಕಡಿಮೆಯಾಯಿತು. ಹೋದ ವಾರ ಊಟದ ನಡುವೆ ಇದ್ದಕ್ಕಿದ್ದಂತೆ, "ಆ ಪೆಟ್ಟಿಗೇನ ಗುಜರಿಯವನಿಗೆ ಕೊಟ್ಬಿಡಿ. ಕಣ್ಣಿಲ್ದವನಿಗೆ ರೈಲು ಯಾಕೆ?" ಎಂದಿದ್ದರು. ಇವತ್ತು ರೈಲು ಬೇಡವೆಂದವರು ನಾಳೆ ಇನ್ನೇನೇನು ಬೇಡವೆನ್ನುತ್ತಾರೋ ಎಂಬ ಭಯ ಸೊಸೆಗೆ.

"ಭಾನುವಾರದವರೆಗೆ ಬಿಡಿ ಮಾವ, ಓಡಿಸಿ ತೋರಿಸ್ತೀನಿ. ಆಮೇಲೂ ಬೇಡ ಅಂದ್ರೆ ನಾನೇ ಗುಜರಿ ಗಾಡಿಗೆ ಎತ್ತಿಡ್ತೀನಿ."

"ತೋರಿಸ್ತೀಯಾ? ಯಾರಿಗಮ್ಮ?" ಎಂದು ಮಾವ ಕೈ ತೊಳೆಯಲು ಎದ್ದಿದ್ದರು.

ಸೊಸೆಯ ಕಸುಬು ಹಲ್ಲಿನ ಸೆಟ್ ಮಾಡುವುದು. ಬೀದಿಗೆಲ್ಲ ಅವಳು ಹಲ್ಲಕ್ಕ. ಅವಳು ಕೆಲಸಕ್ಕೆ ಕೂತಾಗ ಆ ಕೈ ನೋಡಬೇಕು! ತುಕ್ಕು ಕಂಡರೆ ನಾವೆಲ್ಲ ರೇಗಿ ಕೆರೆಯುತ್ತೇವೆ. ಅವಳು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ತಗಡಿನ ಹಳಿಯ ಮೇಲಿಟ್ಟು, ಕೊಳೆ ತಾನಾಗಿ ಬಿಡುವವರೆಗೆ ಕಾದಳು. ಹಳಿ ಕವಲೊಡೆಯುವ ಕಡೆ ಒಂದು ಸ್ವಿಚ್ ಇತ್ತು. ಸನ್ನೆಕೋಲು ಎಳೆದರೆ ಹಳಿಯ ತುದಿ ಪಕ್ಕಕ್ಕೆ ಸರಿದು ರೈಲು ನಿಲ್ದಾಣದ ದಾರಿ ಹಿಡಿಯಬೇಕು. ಅದರ ಅಡಿಯ ಮುಚ್ಚಳ ತೆಗೆದರೆ ಒಳಗೆ ಜೇಡರ ಸಂಸಾರ. ಎಲ್ಲವನ್ನೂ ಬ್ರಷ್ಷಿನಿಂದ ಗುಡಿಸಿ, ಗಟ್ಟಿಯಾದ ಹಳೆಯ ಗ್ರೀಸನ್ನು ಹಲ್ಲಿನ ಕೊಕ್ಕೆಯಿಂದ ಎಬ್ಬಿಸಿ, ಸೋತ ಸ್ಪ್ರಿಂಗನ್ನು ಹಲ್ಲಿನ ತಂತಿಯಿಂದಲೇ ಹೊಸದಾಗಿ ಸುತ್ತಿ ಕೂರಿಸಿದಳು. ಹಳಿ ಹಳಿ ಕೂಡುವ ಒಂದೊಂದು ಜಾಗವನ್ನೂ ಇಕ್ಕಳದಿಂದ ಒತ್ತಿ ಬಿಗಿ ಮಾಡಿದಳು. ಸ್ವಿಚ್ಚಿಗೆ ತುಸು ಮುಂಚೆ ಒಂದು ಕಡೆ ಮಾತ್ರ ಉಗುರು ತೂರುವಷ್ಟು ಸಂದು. ಅದರೊಳಗೆ ತಾಮ್ರದ ತಂತಿಯ ಪುಟ್ಟ ಬಳೆಯೊಂದು ಸಿಕ್ಕಿಕೊಂಡಿತ್ತು. ಕಸವೆಂದು ಅದನ್ನು ಕಿತ್ತು ತನ್ನ ಸಲಕರಣೆ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಸಂದು ಕಂಡರೆ ಮುಚ್ಚದೆ ಸುಮ್ಮನಿರುವ ಕೈಯೇ ಅಲ್ಲ ಅದು.

ಭಾನುವಾರ ಬೆಳಿಗ್ಗೆ ರೈಲು ಹೊರಟಿತು. ಗಂಡ ಬಾಯಿ ಬಿಟ್ಟುಕೊಂಡು ನೋಡಿದ. "ಅಪ್ಪಾ, ಬೆಣ್ಣೆ ಮೇಲೆ ಜಾರಿದ ಹಾಗೆ ಹೋಗ್ತಿದೆ!"

ಸೊಸೆ ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಸನ್ನೆಕೋಲನ್ನು ಅವರ ಕೈಗೆ ಕೊಟ್ಟಳು. ಮಾವ ಕತ್ತು ವಾಲಿಸಿ ಆಲಿಸಿದರು, ಎಳೆದರು. ಎಂಜಿನ್ ಆಗಲೇ ದಾಟಿತ್ತು; ನಡುವಿನ ಡಬ್ಬಿ ಸ್ವಿಚ್ಚಿನ ಮೇಲೆ ಎರಡು ದಾರಿಗೂ ಕಾಲಿಟ್ಟು ಮಗುಚಿ ಬಿತ್ತು. ಇನ್ನೊಂದು ಸಲವೂ ಹಾಗೇ ಆಯಿತು. ಮಾವ ಸನ್ನೆಕೋಲು ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ಎಲ್ಲಿದೆ ಅಂತಾನೇ ತಿಳೀತಿಲ್ಲಮ್ಮ. ಸುತ್ತಾನೂ ಬರೀ ಗುಂಯ್ ಅನ್ನುತ್ತೆ. ನಿನ್ನ ಕೆಲಸ ಚೆನ್ನಾಗಿದೆ, ತಪ್ಪೇನಿಲ್ಲ. ನನ್ನ ಕಿವೀನೂ ಹೋಯ್ತು ಅನ್ನಿಸುತ್ತೆ. ಕೊಟ್ಬಿಡು."

ಸೊಸೆಗೆ ಅಳು ಬಂದುಬಿಟ್ಟಿತು. "ಅಂಗಡೀಲಿ ಹೇಗೆ ತಿಳೀತಿತ್ತು ಮಾವ? ಮೇಜಿಗೆ ಬೆನ್ನು ಹಾಕಿ ಹೊಲೀತಾ ಇದ್ರೂ ಸನ್ನೆ ತಪ್ತಿರ್ಲಿಲ್ಲ ಅಂತ ಇವರು ಹೇಳ್ತಾರಲ್ಲ?"

"ಆಗ ಟಕ್ ಅಂತ ಸದ್ದು ಕೊಡ್ತಿತ್ತಲ್ಲ. ಹೊಲಿಗೆ ಬಿಟ್ಟು ತಿರುಗಿ ನೋಡೋಕೆ ಪುರುಸೊತ್ತೆಲ್ಲಿ? ಅದಕ್ಕೇ ಸ್ವಿಚ್ಚಿಗೆ ಮುಂಚೆ ಒಂದು ಸಂದು ಬಿಟ್ಟು, ಅದು ಮುಚ್ಚದಿರಲಿ ಅಂತ..."

ಮುಂದಿನದು ಅವಳಿಗೆ ಕೇಳಿಸಲಿಲ್ಲ. ಓಡಿಹೋಗಿ ಸಲಕರಣೆ ಡಬ್ಬಿಯ ಮುಚ್ಚಳ ತಡಕಾಡಿ ತಾಮ್ರದ ಬಳೆಯನ್ನು ತಂದು ಮಾವನ ಅಂಗೈಗೆ ಹಾಕಿದಳು. "ಕಸ ಅಂತ ನಾನೇ ಕಿತ್ತೆ ಮಾವ. ಸಂದೂ ಮುಚ್ಚಿಬಿಟ್ಟೆ."

ಮಾವನ ಬೆರಳು ಬಳೆಯನ್ನು ಎರಡು ಸುತ್ತು ಉರುಳಿಸಿತು. ಆಮೇಲೆ ಅವರು ಹೊಟ್ಟೆ ಕುಲುಕುವಂತೆ ನಕ್ಕರು. ಆ ನಗು ಮನೆಗೆ ಮರೆತೇಹೋಗಿತ್ತು. "ಅಯ್ಯೋ ಹಲ್ಲಕ್ಕಾ! ಊರಿನ ಬಾಯಿಗೆಲ್ಲ ಹಲ್ಲು ಕೂರಿಸಿದ್ದು ಸಾಲ್ದು ಅಂತ ನನ್ನ ರೈಲಿಗೂ ಕೂರಿಸಿದ್ಯಾ?"

ಬಳೆಯನ್ನು ತಾವೇ ತೊಡಿಸಬೇಕೆಂದರು ಮಾವ. ಸೊಸೆ ಮುಚ್ಚಿದ ಸಂದನ್ನು ಇಕ್ಕಳದಿಂದ ಮತ್ತೆ ಬಿಡಿಸಿ ಹಳಿ ಹಿಡಿದುಕೊಂಡಳು. ಸೂಜಿಗೆ ದಾರ ಪೋಣಿಸಿ ಪಳಗಿದ ಬೆರಳುಗಳು ಒಂದೇ ಸಲಕ್ಕೆ ಅದನ್ನು ಸಂದಿನೊಳಗೆ ಸೇರಿಸಿದವು. ರೈಲು ಮತ್ತೆ ಹೊರಟಿತು.

ಅಷ್ಟರಲ್ಲಿ ಹೊರಗೆ ಗುಜರಿಯವನು ಗಾಡಿ ನಿಲ್ಲಿಸಿ, "ಅಮ್ಮಾ, ಏನೋ ಪೆಟ್ಟಿಗೆ ಇದೆ ಅಂದಿದ್ರಲ್ಲಾ!" ಎಂದು ಗಂಟಲು ಹರಿಯುವಂತೆ ಕೂಗಿದ.

"ಶ್! ಸುಮ್ನಿರೋಕೆ ಹೇಳ್ರೋ ಅವನಿಗೆ, ಸದ್ದು ಕೇಳಿಸ್ತಿಲ್ಲ," ಎಂದರು ಮಾವ.

ಟಕ್ ಎಂದಿತು. ಮಾವನ ಕೈ ಸರಿಯಿತು. ಎಂಜಿನ್ ಕವಲಿಗೆ ಮೂತಿ ತಿರುಗಿಸಿತು, ಹಿಂದಿನ ಡಬ್ಬಿಗಳು ಒಂದೊಂದಾಗಿ ಅದರ ಹಿಂದೆಯೇ ನಿಲ್ದಾಣದೊಳಗೆ ಹೋದವು.